ಸ್ಟ್ಯಾಂಡಿನಲ್ಲಿ ಬಿಟ್ಟ ಸೈಕಲ್ ಸ್ಟ್ಯಾಂಡಿನಲ್ಲೇ ಇರಬೇಕಾದರೆ

ನಮ್ಮ ವಸತಿ ಸಂಘದಲ್ಲಿ ಸೈಕಲ್ ಸ್ಟ್ಯಾಂಡಿನ ಉಸ್ತುವಾರಿ ನನ್ನದು. ಯಾರಿಗೂ ಬೇಡವಾದ ಕೆಲಸ, ಸುತ್ತಿ ಬಳಸಿ ನನ್ನ ತಲೆಗೆ ಬಂತು. ಯಾರದಾದರೂ ಸೈಕಲ್ ಹೋದರೆ ಮೊದಲು ಬಡಿಯುವುದು ನಮ್ಮ ಮನೆ ಬಾಗಿಲನ್ನೇ. "ಲಾಕ್ ಮಾಡಿದ್ದೆ ಆಂಟಿ, ಆದ್ರೂ ಹೋಯ್ತು" ಅಂತಾರೆ ಹುಡುಗರು. ಮಾಡಿರುತ್ತಾರೆ, ಸುಳ್ಳಲ್ಲ. ಎಂಥ ಬೀಗ, ಯಾವುದಕ್ಕೆ ಸೇರಿಸಿ ಹಾಕಿದ್ದೆ ಅಂತ ಕೇಳಿದಾಗಲೇ ವಿಷಯ ಹೊರಬೀಳುವುದು.

ಒಬ್ಬರು ಮಾತ್ರ ಒಳ್ಳೆ ಬೀಗ ತಂದರೆ ಏನಾಗುತ್ತದೆ ಗೊತ್ತಾ? ಅವರದು ಉಳಿಯುತ್ತದೆ, ಪಕ್ಕದವರದು ಹೋಗುತ್ತದೆ. ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ ಹೆಚ್ಚುಕಡಿಮೆ ಇದನ್ನೇ ಲೆಕ್ಕ ಹಾಕಿ ನೋಡಿದ್ದಾರೆ. ಮೂರು ಸ್ಟ್ಯಾಂಡುಗಳಲ್ಲಿ ದುರುಗುಟ್ಟಿ ನೋಡುವ ಕಣ್ಣುಗಳ ಚಿತ್ರ ಹಾಕಿ, ಸೈಕಲ್ ಕಳ್ಳರೇ, ನಿಮ್ಮನ್ನು ನೋಡ್ತಾ ಇದ್ದೀವಿ ಅಂತ ಫಲಕ ತೂಗುಹಾಕಿದರು. ಆ ಮೂರು ಕಡೆ ಕಳ್ಳತನ ಶೇ. 62ರಷ್ಟು ಇಳಿಯಿತು. ಫಲಕ ಇಲ್ಲದ ಕಡೆ ಶೇ. 65ರಷ್ಟು ಏರಿತು! 2012ರಲ್ಲಿ ಪ್ರಕಟವಾದ ಅಧ್ಯಯನ ಇದು. ಇದನ್ನು ಓದಿದ ಮೇಲೆ ನಾನು "ನಿಮ್ಮ ಸೈಕಲ್ ನೀವು ನೋಡ್ಕೊಳ್ಳಿ" ಅನ್ನುವುದನ್ನು ಬಿಟ್ಟೆ. ಇಡೀ ಸಾಲನ್ನು ಒಟ್ಟಿಗೆ ನೋಡಿಕೊಳ್ಳಬೇಕು.

ಮೊದಲು ಸಾಲಿನುದ್ದಕ್ಕೂ ಒಮ್ಮೆ ನಡೆಯಿರಿ

ಎಲ್ಲರೂ ಮನೆಗೆ ಬಂದಿರುವ ಹೊತ್ತಿನಲ್ಲಿ ಇಬ್ಬರು ಮೂವರು ಸೇರಿ ಒಂದು ಸುತ್ತು ಹಾಕಿ. ಯಾವ ಸೈಕಲ್ ಎತ್ತಿಕೊಂಡು ಹೋಗೋದು ಸಲೀಸು ಅಂತ ಕಳ್ಳನ ಕಣ್ಣಿನಿಂದ ನೋಡಿ. ಬೀಗವೇ ಇಲ್ಲದವು ಕೆಲವು ಸಿಗುತ್ತವೆ. ಹಿಂದಿನ ಚಕ್ರಕ್ಕೆ ಮಾತ್ರ ರಿಂಗ್ ಲಾಕ್ ಇರುವವು ಬೇಕಾದಷ್ಟು. ಅಂಥ ಸೈಕಲ್ ತುಳಿಯಲು ಆಗುವುದಿಲ್ಲ, ನಿಜ. ಆದರೆ ಹೆಗಲಿಗೇರಿಸಿ ಹೊರಡಬಹುದಲ್ಲ! ನಂಬರ್ ಲಾಕ್ ಹಾಕಿ ಕೊನೆಯ ಒಂದು ಅಂಕಿಯನ್ನು ಮಾತ್ರ ಅತ್ತಿತ್ತ ತಿರುಗಿಸಿ ಹೋಗುವವರೂ ಇದ್ದಾರೆ. ಅವರಿಗೆ ನಾಳೆ ಬೆಳಿಗ್ಗೆ ಬೇಗ ತೆಗೆಯಬೇಕು ಅನ್ನುವ ಆಸೆ. ಕಳ್ಳನಿಗೂ ಅದೇ ಆಸೆ.

ಇದೇ ಸುತ್ತಿನಲ್ಲಿ ವಾರಸುದಾರರಿಲ್ಲದ ಸೈಕಲ್‌ಗಳನ್ನೂ ಗುರುತು ಮಾಡಿ. ಟೈರಿನಲ್ಲಿ ಗಾಳಿ ಇಲ್ಲ, ಚೈನು ತುಕ್ಕು ಹಿಡಿದಿದೆ, ಸೀಟಿನ ಮೇಲೆ ಒಂದಿಂಚು ಧೂಳು. ಇವು ಸುಮ್ನೆ ಜಾಗ ಹಿಡಿಯುವುದಲ್ಲ, ಈ ಸ್ಟ್ಯಾಂಡಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ ಅಂತ ಸಾರಿ ಹೇಳುತ್ತಿರುತ್ತವೆ. ಜೊತೆಗೆ, ಚಾಲ್ತಿಯಲ್ಲಿರುವ ಸೈಕಲ್‌ಗಳಿಗೆ ಗಟ್ಟಿ ಕಂಬಿ ಸಿಗದೆ ಗೋಡೆಗೆ ಒರಗಿಸಿ ಹೋಗುವ ಪರಿಸ್ಥಿತಿ ಬರುತ್ತದೆ. ಒಂದೊಂದಕ್ಕೂ ಚೀಟಿ ಕಟ್ಟಿ, "ಈ ತಾರೀಖಿನೊಳಗೆ ಬಿಡಿಸಿಕೊಳ್ಳಿ" ಅಂತ ಬರೆಯಿರಿ. ತಿಂಗಳು ಕಾದು, ಸಂಘದ ಸಭೆಯಲ್ಲಿ ಒಪ್ಪಿಗೆ ಪಡೆದು ಆಮೇಲೆ ತೆಗೆಸಿ. ಒಪ್ಪಿಗೆ ಇಲ್ಲದೆ ಮಾತ್ರ ಕೈ ಹಾಕಬೇಡಿ. ವರ್ಷಗಟ್ಟಲೆ ಮುಟ್ಟದ ಸೈಕಲ್ಲಿನ ಮೇಲೆ ಜನಕ್ಕೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿ ಬರುತ್ತದೆ.

ಬೀಗ ಮತ್ತು ಅದನ್ನು ಹಾಕುವ ಬಗೆ

ಪ್ಲಾಸ್ಟಿಕ್ ಹೊದಿಕೆಯ ತಂತಿ ಬೀಗ ನೋಡಲು ದಪ್ಪ. ಹೊದಿಕೆ ಸುಲಿದರೆ ಒಳಗಿರುವುದು ಹೆಣೆದ ಸಣ್ಣ ಸಣ್ಣ ಎಳೆ. ಕೇಬಲ್ ಕಟರ್ ಇದ್ದವನಿಗೆ ಅದು ಕೆಲವೇ ಸೆಕೆಂಡಿನ ಕೆಲಸ. ಹೆಲ್ಮೆಟ್ಟಿಗೋ ಮುಂದಿನ ಚಕ್ರಕ್ಕೋ ಎರಡನೇ ಬೀಗವಾಗಿ ಇಟ್ಟುಕೊಳ್ಳಿ, ಅದಕ್ಕಿಂತ ಹೆಚ್ಚು ನಂಬಬೇಡಿ.

ಮುಖ್ಯ ಬೀಗ ಯು-ಲಾಕ್ (‘U’ ಆಕಾರದ ಉಕ್ಕಿನ ಕಂಬಿಯ ಬೀಗ) ಆಗಿರಲಿ, ಇಲ್ಲವೇ ಗಟ್ಟಿಗೊಳಿಸಿದ ಉಕ್ಕಿನ ಚೈನು. ಯು-ಲಾಕ್‌ನ ಕಂಬಿ ಕನಿಷ್ಠ 13 ಮಿ.ಮೀ. ದಪ್ಪ ಇರಲಿ. 16 ಮಿ.ಮೀ. ಆದರೆ ಕೈಯಲ್ಲಿ ಹಿಡಿಯುವ ಬೋಲ್ಟ್ ಕಟರ್ ಅದರ ಮುಂದೆ ಸೋಲುತ್ತದೆ. ಆ್ಯಂಗಲ್ ಗ್ರೈಂಡರ್ ತಂದರೆ ಯಾವ ಬೀಗವೂ ಕೊನೆಗೆ ತುಂಡಾಗುತ್ತದೆ, ಆದರೆ ಅದರ ಸದ್ದಿಗೆ, ಹಾರುವ ಕಿಡಿಗೆ ಅಕ್ಕಪಕ್ಕದವರು ತಲೆ ಎತ್ತಿ ನೋಡಬೇಕಷ್ಟೆ. ಕೀಲಿಯ ವಿಷಯದಲ್ಲೂ ಎಚ್ಚರ ಬೇಕು. ಕೊಳವೆಯ ಹಾಗಿರುವ ಗುಂಡನೆ ಕೀಲಿಯ ಬೀಗಗಳಲ್ಲಿ ಕೆಲವನ್ನು ಬರೀ ಬಿಕ್ ಬಾಲ್ ಪೆನ್ನಿನ ಹಿಂಭಾಗ ತುರುಕಿ ತೆಗೆಯಬಹುದು ಅಂತ 2004ರಲ್ಲಿ ಬಯಲಾಯಿತು. ಬೀಗ ತಯಾರಿಸುವ ಕ್ರಿಪ್ಟೊನೈಟ್ ಕಂಪನಿ ಆ ಬೀಗಗಳನ್ನು ವಾಪಸ್ ತೆಗೆದುಕೊಂಡು ಬೇರೆ ಕೊಡಬೇಕಾಯಿತು. ಹಳೆಯ ಗುಂಡು ಕೀಲಿಯ ಬೀಗ ಮನೆಯಲ್ಲಿದ್ದರೆ ಗುಜರಿಗೆ ಹಾಕಿ.

ಇನ್ನು ಹಾಕುವ ಬಗೆ. ಅರ್ಧ ಜನ ಎಡವುವುದು ಇಲ್ಲೇ. ಮುಂದಿನ ಚಕ್ರವನ್ನು ಮಾತ್ರ ಕಂಬಿಗೆ ಕಟ್ಟುತ್ತಾರೆ. ಕ್ವಿಕ್ ರಿಲೀಸ್ (ಸ್ಪ್ಯಾನರ್ ಇಲ್ಲದೆ ಚಕ್ರ ಕಳಚುವ ಹಿಡಿ) ಇರುವ ಚಕ್ರವಾದರೆ ಆ ಹಿಡಿ ತಿರುಗಿಸಿದರೆ ಸಾಕು. ಮಾರನೇ ದಿನ ಕಂಬಿಯಲ್ಲಿ ಚಕ್ರ ಇರುತ್ತದೆ, ಸೈಕಲ್ ಇರುವುದಿಲ್ಲ. ನಮ್ಮ ಹುಡುಗರಿಗೆ ನಾನು ತೋರಿಸಿಕೊಡುವುದು ಹೀಗೆ: ಸೈಕಲ್ಲನ್ನು ಕಂಬಿಗೆ ಆದಷ್ಟು ಒತ್ತಿ ನಿಲ್ಲಿಸಿ. ಸೀಟಿನಿಂದ ಕೆಳಗಿಳಿಯುವ ಕೊಳವೆ, ಅದರ ಹಿಂದೆ ಹಿಂಚಕ್ರದ ನಡುವಿಗೆ ಹೋಗುವ ಕಂಬಿಗಳು ಸೇರಿ ಒಂದು ತ್ರಿಕೋನ ಆಗುತ್ತದಲ್ಲ, ಆ ತ್ರಿಕೋನದೊಳಗೆ ಯು-ಲಾಕ್ ತೂರಿಸಿ. ಚಕ್ರದ ರಿಮ್ಮು, ಸೀಟಿನ ಕೊಳವೆ, ಸ್ಟ್ಯಾಂಡಿನ ಕಂಬಿ, ಮೂರೂ ಬೀಗದೊಳಗೆ ಬರಬೇಕು. ಬೀಗ ಚಿಕ್ಕದಾಗಿ ಕೊಳವೆ ಸೇರದಿದ್ದರೆ ರಿಮ್ಮು ಮತ್ತು ಕಂಬಿ ಸೇರಿದರೂ ನಡೆಯುತ್ತದೆ, ತ್ರಿಕೋನದ ಒಳಗೇ ಹಾಕಿರಬೇಕು ಅಷ್ಟೆ. ರಿಮ್ಮು ಆ ತ್ರಿಕೋನದಿಂದ ಈಚೆ ಬರುವುದಿಲ್ಲವಾದ್ದರಿಂದ ಫ್ರೇಮೂ ಸಿಕ್ಕಿಕೊಂಡಿರುತ್ತದೆ. ಈ ಎರಡನೇ ಉಪಾಯವನ್ನು ಜನಪ್ರಿಯ ಮಾಡಿದವರು ಅಮೆರಿಕದ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್.

ಬೀಗದೊಳಗೆ ಖಾಲಿ ಜಾಗ ಕಡಿಮೆ ಇದ್ದಷ್ಟೂ ಒಳ್ಳೆಯದು. ಜಾಗ ಇದ್ದರೆ ಸಬ್ಬಲ್ ತೂರಿಸಿ ಮೀಟುತ್ತಾರೆ. ಬೀಗ ನೆಲಕ್ಕೆ ತಾಗುವಂತೆ ಬಿಡಬೇಡಿ, ನೆಲವನ್ನೇ ಅಡಿಗಲ್ಲು ಮಾಡಿಕೊಂಡು ಸುತ್ತಿಗೆಯಲ್ಲಿ ಹೊಡೆಯಬಹುದು.

ಬೀಗ ಎಷ್ಟೇ ಗಟ್ಟಿ ಇದ್ದರೂ ಸ್ಟ್ಯಾಂಡಿನ ಕಂಬಿ ಅಲುಗಾಡುತ್ತಿದ್ದರೆ ಏನು ಪ್ರಯೋಜನ? ಚಕ್ರ ತುರುಕುವ ಗೂಡಿನಂಥ ಸ್ಟ್ಯಾಂಡಿನಲ್ಲಿ ಫ್ರೇಮಿಗೆ ಬೀಗ ಎಟುಕುವುದೇ ಇಲ್ಲ. ಸಂಘ ಹೊಸದು ಮಾಡಿಸುವುದಾದರೆ ಶೆಫೀಲ್ಡ್ ಸ್ಟ್ಯಾಂಡ್ ಅಂತ ಕೇಳಿ. ತಲೆಕೆಳಗಾದ 'U' ಆಕಾರದ ದಪ್ಪ ಕೊಳವೆ, ಎರಡೂ ಬದಿಗೆ ಒಂದೊಂದು ಸೈಕಲ್. ಕೊಳವೆಯಿಂದ ಕೊಳವೆಗೆ ಒಂದು ಮೀಟರ್ ಅಂತರ ಬಿಡಿಸಿ, ಇಲ್ಲದಿದ್ದರೆ ಹ್ಯಾಂಡಲ್ಲಿಗೆ ಹ್ಯಾಂಡಲ್ ಸಿಕ್ಕಿಕೊಂಡು ದಿನಾ ಜಗಳ. ಕಾಲುಗಳನ್ನು ಕಾಂಕ್ರೀಟಿನಲ್ಲಿ ಹೂತರೆ ಚಿಂತೆ ಇಲ್ಲ. ಬೋಲ್ಟ್ ಹಾಕಿ ಕೂರಿಸಿದ್ದರೆ ನಟ್ಟುಗಳಿಗೆ ವೆಲ್ಡಿಂಗ್ ಮಾಡಿಸಿ. ಇಲ್ಲವಾದರೆ ಒಂದು ಸ್ಪ್ಯಾನರಿನಲ್ಲಿ ಕೆಲಸ ಮುಗಿಯಿತು.

ಪಟ್ಟಿ ಮಾಡುವ ಭಾನುವಾರ

ನನ್ನ ಕೇಳಿದರೆ ಬೀಗಕ್ಕಿಂತ ಜನ ಜಾಸ್ತಿ ಉದಾಸೀನ ಮಾಡುವುದು ಫ್ರೇಮ್ ನಂಬರನ್ನು, ಅಂದರೆ ಸೈಕಲ್ಲಿನ ಚೌಕಟ್ಟಿನ ಮೇಲೆ ಕೆತ್ತಿರುವ ಗುರುತಿನ ಸಂಖ್ಯೆಯನ್ನು. ಡೆನ್ಮಾರ್ಕಿನಲ್ಲಿ 1942ರಿಂದಲೇ ಸೈಕಲ್‌ಗಳಿಗೆ ಫ್ರೇಮ್ ನಂಬರ್ ಕಡ್ಡಾಯ. ಫ್ರಾನ್ಸಿನಲ್ಲಿ 2021ರಿಂದ ಅಂಗಡಿಯಲ್ಲಿ ಮಾರುವ ಹೊಸ ಸೈಕಲ್‌ಗಳಿಗೆ ಗುರುತಿನ ಸಂಖ್ಯೆ ಹಾಕಲೇಬೇಕು. ಕಳುವಾದ ಸೈಕಲ್ ಎಲ್ಲೋ ಸಿಕ್ಕಾಗ ಇದು ಇಂಥವರದು ಅಂತ ಹೇಳಲು ಇದಕ್ಕಿಂತ ನಂಬಿಕೆಯ ದಾರಿ ಇಲ್ಲ. ಬಣ್ಣ, ಸ್ಟಿಕರ್, ಬೆಲ್ಲು ಎಲ್ಲ ಬದಲಾಗಿರುತ್ತದೆ.

ಒಂದು ಭಾನುವಾರ ಎಲ್ಲರೂ ಸೈಕಲ್ ತರಲಿ. ತಲೆಕೆಳಗೆ ನಿಲ್ಲಿಸಿ. ಎರಡು ಪೆಡಲ್ ಸೇರುವ ಜಾಗದ ಅಡಿಯಲ್ಲಿ ಸಾಮಾನ್ಯವಾಗಿ ನಂಬರ್ ಕೆತ್ತಿರುತ್ತದೆ. ಅಲ್ಲಿ ಗ್ರೀಸು ಮಣ್ಣು ಸೇರಿ ಕಪ್ಪನೆ ಪದರ ಆಗಿರುತ್ತದೆ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಬೇಕು. ಅಲ್ಲಿ ಇಲ್ಲದಿದ್ದರೆ ಹ್ಯಾಂಡಲ್ಲಿನ ಕೆಳಗಿನ ಕೊಳವೆ ಅಥವಾ ಹಿಂಚಕ್ರದ ಅಚ್ಚಿನ ಬಳಿ ಹುಡುಕಿ. ಮಸುಕಾಗಿದ್ದರೆ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ಲಿನಲ್ಲಿ ಉಜ್ಜಿ, ಅಂಕಿ ಮೂಡುತ್ತದೆ. ಸೊನ್ನೆಯೋ 'O' ಅಕ್ಷರವೋ ಅಂತ ಗೊಂದಲ ಬಂದೇ ಬರುತ್ತದೆ, ಅದಕ್ಕೆ ಬರೆದುಕೊಳ್ಳುವುದರ ಜೊತೆಗೆ ಫೋಟೊನೂ ತೆಗೆಯಿರಿ. ಇನ್ನೊಂದು ಫೋಟೊದಲ್ಲಿ ಸೈಕಲ್ ಪಕ್ಕ ಅದರ ಮಾಲೀಕರು ನಿಂತಿರಲಿ. ಕೊನೆಗೆ ಸೀಟು ಕಳಚಿ, ಹೆಸರು ಮತ್ತು ಫೋನ್ ನಂಬರ್ ಬರೆದ ಚೀಟಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕೊಳವೆಯೊಳಗೆ ಇಳಿಬಿಡಿ. ಕಳ್ಳ ಅಲ್ಲಿ ಕೈ ಹಾಕುವುದು ಅಪರೂಪ.

ಹೆಸರು, ಫೋನ್, ಫ್ರೇಮ್ ನಂಬರ್ ಬರೆದ ಪಟ್ಟಿ ಒಬ್ಬರೇ ಇಟ್ಟುಕೊಳ್ಳಲಿ, ಸಂಘದ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಎಲ್ಲರ ಫೋನ್ ನಂಬರ್ ಎಲ್ಲರಿಗೂ ಯಾಕೆ?

ಕ್ಯಾಮೆರಾ ಬೇಕಾ ಅಂತ ಪ್ರತಿ ಸಭೆಯಲ್ಲೂ ಕೇಳುತ್ತಾರೆ. ಹಾಕಿಸಿ, ಬೇಡ ಅನ್ನಲ್ಲ. ಆದರೆ ಅದರಲ್ಲಿ ಕೊನೆಗೆ ಕಾಣುವುದು ಒಂದು ಟೋಪಿ, ಒಂದು ಬೆನ್ನು. ಅದೇ ದುಡ್ಡಿನಲ್ಲಿ ಒಳ್ಳೆ ದೀಪ ಹಾಕಿಸಿ, ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಹಾಗೆ ಮಾಡಿಸಿ. ಅಪರಿಚಿತರು ಕಂಡರೆ "ಯಾರನ್ನ ನೋಡ್ಬೇಕಿತ್ತು?" ಅಂತ ನಗುತ್ತಲೇ ಕೇಳಿ. ಎಲ್ಲರನ್ನೂ ಒಂದೇ ರೀತಿ ಕೇಳಬೇಕು, ಬಟ್ಟೆ ನೋಡಿ ಅಲ್ಲ.

ಹೋದ ಮೇಲೆ

ಇಷ್ಟಾದರೂ ಹೋದರೆ ಅದೇ ದಿನ ದೂರು ಕೊಡಿ. ಫ್ರೇಮ್ ನಂಬರ್, ಫೋಟೊ, ಬಿಲ್ಲು ಜೊತೆಗೆ ಒಯ್ಯಿರಿ. ತುಂಡಾದ ಬೀಗ ಬಿದ್ದಿದ್ದರೆ ಎಸೆಯಬೇಡಿ, ಅದನ್ನೂ ತೋರಿಸಿ. ಹಳೇ ಸೈಕಲ್ ಮಾರುವ ಆ್ಯಪ್‌ಗಳಲ್ಲಿ ಕೆಲವು ವಾರ ಕಣ್ಣಿಟ್ಟಿರಿ. ನಿಮ್ಮದೇ ಅನ್ನಿಸಿದರೆ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದು ಪೊಲೀಸರಿಗೆ ಕೊಡಿ. ನೀವೇ ಕೊಳ್ಳುವವರ ಹಾಗೆ ಒಬ್ಬರೇ ಹೋಗುವ ಸಾಹಸ ಬೇಡ. ಯಾರದೋ ಫೋಟೊ ಹಾಕಿ 'ಇವನೇ ಕಳ್ಳ' ಅಂತ ಗುಂಪಿನಲ್ಲಿ ಹಂಚುವುದಂತೂ ಬೇಡವೇ ಬೇಡ.

ಸೈಕಲ್ ಸಿಕ್ಕಿದರೆ ಅದನ್ನೂ ಪೊಲೀಸರಿಗೆ, ಪಟ್ಟಿ ಇಟ್ಟವರಿಗೆ ತಿಳಿಸಿ. ಇಲ್ಲದಿದ್ದರೆ ಒಂದು ದಿನ ನಿಮ್ಮದೇ ಸೈಕಲ್ ತುಳಿಯುತ್ತಾ ಹೊರಟಾಗ ಗೇಟಿನಲ್ಲಿ ನಿಮ್ಮನ್ನೇ ಹಿಡಿದು ನಿಲ್ಲಿಸುತ್ತಾರೆ.