ಗಾಡಿ ಬಿಟ್ಟ ಕುದುರೆಗೆ ಮನೆ ಹುಡುಕಿದ್ದು: ನನ್ನ ಅನುಭವ

ಪಶುಪಾಲನಾ ಇಲಾಖೆಯಲ್ಲಿ ದುಡಿದು ನಿವೃತ್ತನಾಗಿ ಮೈಸೂರಿನಲ್ಲಿ ನೆಲೆಸಿರುವ ನಾನು ಈ ಕೆಲಸಕ್ಕೆ ಕೈಹಾಕಿದ್ದು 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಅರಮನೆಯ ಬಾಗಿಲು ಮುಚ್ಚಿದ ಮೇಲೆ. ಪ್ರವಾಸಿಗರೇ ಇಲ್ಲದ ಊರಿನಲ್ಲಿ ಟಾಂಗಾ ಹೊಡೆಯುವವರಿಗೆ ಒಂದು ರೂಪಾಯಿಯ ಸಂಪಾದನೆಯೂ ಇರಲಿಲ್ಲ. ಆದರೆ 300 ಕೆ.ಜಿ. ತೂಗುವ ಕುದುರೆಗೆ ದಿನಕ್ಕೆ ಐದಾರು ಕೆ.ಜಿ. ಒಣಮೇವು ಮತ್ತು 20ರಿಂದ 30 ಲೀಟರ್ ನೀರು ಬೇಕೇ ಬೇಕು. ನಗರದ ಹೊರವಲಯದ ಕೆಲವು ತೋಟದ ಮನೆಗಳಲ್ಲಿ ಮಕ್ಕಳ ಸವಾರಿಗೆಂದು ತಂದು ಕಟ್ಟಿದ್ದ ಕುದುರೆಗಳ ಸ್ಥಿತಿಯೂ ಇದಕ್ಕಿಂತ ಉತ್ತಮವಾಗಿರಲಿಲ್ಲ. ಮೊದಲು ಮೇವು ಹೊಂದಿಸಿ ಕೊಟ್ಟೆವು. ಕ್ರಮೇಣ, ‘ಸಾರ್, ಕಾಸು ಬೇಡ, ಇದನ್ನ ಚೆನ್ನಾಗಿ ನೋಡ್ಕೊಳ್ಳೋರು ಯಾರಾದ್ರೂ ಇದ್ರೆ ಹೇಳಿ’ ಎಂದು ಮಾಲೀಕರೇ ಕೇಳತೊಡಗಿದರು.

ನಾನು ಕೊಡಿಸಿದ ಮೊದಲ ಕುದುರೆ ಉಳಿಯಲಿಲ್ಲ. ಅದನ್ನು ಪಡೆದ ರೈತರು ಒಳ್ಳೆಯವರು, ಮನೆಯಲ್ಲಿ ನಾಲ್ಕು ಹಸು ಸಾಕಿದ್ದವರು, ಮೇವಿಗೆ ಕೊರತೆಯಿಲ್ಲದವರು. ಇಷ್ಟು ಸಾಕೆಂದು ನಾನು ತಿಳಿದೆ. ಹತ್ತಿರದ ಮದುವೆ ಮನೆಯಲ್ಲಿ ಮಿಕ್ಕ ಅನ್ನವನ್ನು ಅವರು ಹಸುಗಳಿಗೆ ಹಾಕುವ ಹಾಗೆಯೇ ಕುದುರೆಗೂ ಎರಡು ಬಕೆಟ್ ಇಟ್ಟರು. ಹಸುವಿನಂತೆ ಕುದುರೆ ಮೆಲುಕು ಹಾಕುವುದಿಲ್ಲ, ತಿಂದದ್ದನ್ನು ವಾಂತಿ ಮಾಡಿಕೊಳ್ಳಲೂ ಅದಕ್ಕೆ ಆಗುವುದಿಲ್ಲ. ಹೆಚ್ಚಾದ ಪಿಷ್ಟವು ದೊಡ್ಡ ಕರುಳಿಗೆ ಇಳಿದು ಹುಳಿತು ಹೊಟ್ಟೆನೋವಿಗೂ, ಅದರ ಬೆನ್ನಿಗೇ ಗೊರಸಿನ ಒಳಪದರದ ಉರಿಯೂತಕ್ಕೂ ದಾರಿಯಾಗುತ್ತದೆ. ಮೂರನೆಯ ದಿನ ನಾನು ಹೋಗುವ ಹೊತ್ತಿಗೆ ಆ ಕುದುರೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲಿನ ಮೇಲೆ ಹಾಕಿ, ಒಂದು ಹೆಜ್ಜೆಯನ್ನೂ ಎತ್ತಿಡಲಾರದೆ ನಿಂತಿತ್ತು. ಎರಡು ವಾರದಲ್ಲಿ ಅದು ಸತ್ತಿತು. ಆ ರೈತರಲ್ಲಿ ಪ್ರೀತಿಗೆ ಕಡಿಮೆ ಇರಲಿಲ್ಲ. ಅವರಿಗೆ ಹೇಳಬೇಕಾದದ್ದನ್ನು ನಾನು ಹೇಳಿರಲಿಲ್ಲ. ಅಂದಿನಿಂದ, ಕುದುರೆಯನ್ನು ಕೊಡುವ ಮೊದಲು ಪಡೆಯುವವರನ್ನು ಕನಿಷ್ಠ ಮೂರು ದಿನ ಮಾಲೀಕರ ಲಾಯಕ್ಕೆ ಬರಮಾಡಿಕೊಂಡು ಅವರ ಕೈಯಿಂದಲೇ ಮೇವು ಹಾಕಿಸುತ್ತೇನೆ, ಗೊರಸು ಎತ್ತಿ ಶುಚಿ ಮಾಡಿಸುತ್ತೇನೆ. ಮೂರು ದಿನ ಬರಲು ಬಿಡುವಿಲ್ಲ ಎನ್ನುವವರಿಗೆ ಕೊಡುವುದಿಲ್ಲ. ದನದ ಫೀಡ್ ಹಾಕಬಾರದೆಂದೂ ಆಗಲೇ ಹೇಳಿಬಿಡುತ್ತೇನೆ, ಏಕೆಂದರೆ ದನದ ಕೆಲವು ಫೀಡ್‌ಗಳಲ್ಲಿ ಮತ್ತು ಕೋಳಿ ಆಹಾರದಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ವಸ್ತು ಸ್ವಲ್ಪವೇ ಹೊಟ್ಟೆಗೆ ಹೋದರೂ ಕುದುರೆಯ ಹೃದಯದ ಸ್ನಾಯುವನ್ನು ಕೆಡಿಸುತ್ತದೆ.

ಮನೆ ಹುಡುಕುವ ಮೊದಲು ಕುದುರೆಯನ್ನು ಸರಿಯಾಗಿ ತಿಳಿದುಕೊಳ್ಳಬೇಕು. ವಯಸ್ಸಿನ ವಿಷಯದಲ್ಲಿ ಬಾಯಿಮಾತನ್ನು ನಂಬದೆ ಹಲ್ಲು ನೋಡುತ್ತೇನೆ. ಮೇಲ್ದವಡೆಯ ಅಂಚಿನ ಬಾಚಿಹಲ್ಲಿನಲ್ಲಿ ಸುಮಾರು 10ನೆಯ ವರ್ಷಕ್ಕೆ ಒಸಡಿನ ಬಳಿ ಕಂದು ಗೀರೊಂದು ಕಾಣಿಸಿಕೊಳ್ಳುತ್ತದೆ. ಅದು ಅರ್ಧಕ್ಕೆ ಇಳಿದಿದ್ದರೆ 15ರ ಆಸುಪಾಸು, ಹಲ್ಲಿನ ತುದಿ ಮುಟ್ಟಿದ್ದರೆ 20. ಕರಾರುವಾಕ್ಕಲ್ಲದಿದ್ದರೂ, ‘ಎಂಟು ವರ್ಷದ್ದು’ ಎಂದು ಬಂದ ಕುದುರೆಗೆ ಹದಿನೈದಾಗಿರುವುದು ಇದರಿಂದ ಗೊತ್ತಾಗುತ್ತದೆ. ಕುದುರೆ 25 ವರ್ಷ ಬದುಕಬಹುದಾದ್ದರಿಂದ ಪಡೆಯುವವರು ಇನ್ನೆಷ್ಟು ವರ್ಷ ಹೊಣೆ ಹೊರಬೇಕೆಂಬುದು ಅವರಿಗೆ ಮೊದಲೇ ತಿಳಿದಿರಬೇಕು.

ಎರಡನೆಯದು ಗ್ಲ್ಯಾಂಡರ್ಸ್ ರೋಗದ ರಕ್ತಪರೀಕ್ಷೆ. ಇದು ಮನುಷ್ಯರಿಗೂ ಅಂಟುವ ರೋಗ. ಲಸಿಕೆಯಿಲ್ಲ, ಸೋಂಕು ಖಚಿತವಾದ ಕುದುರೆಯನ್ನು 2009ರ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯಂತೆ ದಯಾಮರಣಕ್ಕೆ ಒಳಪಡಿಸಬೇಕಾಗುತ್ತದೆ. ಇಲಾಖೆಯ ಮೂಲಕ ರಕ್ತದ ಮಾದರಿಯನ್ನು ಕಳುಹಿಸಿ ವರದಿ ಬರುವವರೆಗೆ ಕಾಯುತ್ತೇನೆ. ಈ ರೋಗದ ಪರೀಕ್ಷೆಯಲ್ಲಿ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ಮಾತೇ ಕೊನೆಯದು. ವರದಿ ತಡವಾಗುತ್ತದೆಂದು ಪರೀಕ್ಷೆಯಿಲ್ಲದೆ ಕುದುರೆ ಸಾಗಿಸಿ ಎಂದು ಒತ್ತಾಯಿಸಿದವರಿದ್ದಾರೆ; ನಾನು ಒಪ್ಪಿಲ್ಲ.

ಇನ್ನು ಜಾಗದ ಮಾತು. ಮಂಡ್ಯವೆಂದರೆ ಹಸಿರು, ಆದ್ದರಿಂದ ಕುದುರೆಗೆ ಅನುಕೂಲ ಎಂದು ಹಲವರು ಭಾವಿಸುತ್ತಾರೆ. ನನ್ನ ಅನುಭವ ಬೇರೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಭತ್ತ ಮತ್ತು ಕಬ್ಬಿನ ನಡುವೆ ಕುದುರೆ ಅಡ್ಡಾಡಲು ಖಾಲಿ ನೆಲವೇ ಸಿಗುವುದಿಲ್ಲ, ಸಿಕ್ಕರೂ ಅದು ವರ್ಷದ ಹೆಚ್ಚು ಕಾಲ ತೇವವಾಗಿದ್ದು ಗೊರಸಿನ ಅಡಿ ಕೊಳೆತು ನಾರುತ್ತದೆ. ಭತ್ತದ ಹುಲ್ಲಿನಲ್ಲಿ ಸತ್ವವೂ ಕಡಿಮೆ. ನಾಗಮಂಗಲದ ಕಡೆಯ ಬೆದ್ದಲು ಭೂಮಿಯಾದರೆ ನೆಲ ಗಟ್ಟಿ, ಬದುಗಳಲ್ಲಿ ಗರಿಕೆ, ಮನೆಯಲ್ಲಿ ರಾಗಿ ಹುಲ್ಲಿನ ಮೆದೆ, ಹೊಲದಲ್ಲಿ ಹುರುಳಿ. ನೋಡಲು ಬರಡೆನಿಸುವ ಆ ಸೀಮೆಯಲ್ಲಿಯೇ ನಾನು ಕೊಡಿಸಿದ ಕುದುರೆಗಳು ಹೆಚ್ಚು ಚೆನ್ನಾಗಿವೆ. ಆದರೆ ಮುಳ್ಳುತಂತಿಯ ಬೇಲಿ ಎಲ್ಲಿದ್ದರೂ ಬೇಡ. ಬೆದರಿದ ಕುದುರೆ ಬೇಲಿಯನ್ನು ನೋಡದೆ ನುಗ್ಗುತ್ತದೆ.

ಒಂದು ಬೂದು ಬಣ್ಣದ ಹೆಣ್ಣು ಕುದುರೆಯನ್ನು ಅಲ್ಲಿಗೆ ಕಳುಹಿಸಿದ ದಿನ ಚೆನ್ನಾಗಿ ನೆನಪಿದೆ. ಹತ್ತು ವರ್ಷಕ್ಕೂ ಮೇಲ್ಪಟ್ಟು ಟಾಂಗಾ ಎಳೆದ ಕುದುರೆ ಅದು. ಪಶುವೈದ್ಯರ ಪ್ರಮಾಣಪತ್ರ ಕೈಯಲ್ಲಿತ್ತು. 1978ರ ಪ್ರಾಣಿ ಸಾಗಣೆ ನಿಯಮದಂತೆ ಅದಿಲ್ಲದೆ ಸಾಗಿಸುವಂತಿಲ್ಲ. ನಸುಕಿನಲ್ಲಿ ವಾಹನವನ್ನು ಒಂದು ದಿಬ್ಬಕ್ಕೆ ಹಿಮ್ಮುಖವಾಗಿ ತಾಗಿಸಿ, ಒಳಗೆ ಮರಳು ಹರಡಿ, ಮೇಲೆ ಹುಲ್ಲು ಹಾಸಿದ್ದೆವು. ಕುದುರೆ ಹತ್ತಲೊಲ್ಲದು. ಹುರುಳಿ ತೋರಿಸಿದೆವು, ಹಿಂದಿನಿಂದ ಹಗ್ಗ ಒತ್ತಿದೆವು, ಮುಕ್ಕಾಲು ಗಂಟೆ ಕಳೆಯಿತು. ಅಷ್ಟರವರೆಗೆ ದೂರದಲ್ಲಿ ಕುಳಿತಿದ್ದ ಅದರ ಯಜಮಾನರು, ಎಪ್ಪತ್ತರ ಸಮೀಪದವರು, ಎದ್ದು ಒಳಗೆ ಹೋಗಿ, ಅಕ್ಕಪಕ್ಕದ ನೋಟವನ್ನು ಮರೆಮಾಡುವ ಹಳೆಯ ಕಣ್ಣುಪಟ್ಟಿಯನ್ನು ತಂದು ಕಟ್ಟಿದರು. ‘ಇದಿಲ್ದೆ ಅದಕ್ಕೆ ಬೀದಿ ಗೊತ್ತಿಲ್ಲ ಸಾರ್’ ಎಂದರು. ಕುದುರೆ ಒಂದು ಬಾರಿ ಬುಸುಗುಟ್ಟಿ ಅವರ ಹಿಂದೆಯೇ ಒಳಗೆ ನಡೆಯಿತು.

ಅಷ್ಟು ವರ್ಷ ಮುಂದಿನದನ್ನು ಮಾತ್ರ ನೋಡಿದ ಪ್ರಾಣಿಗೆ ಪಕ್ಕದಿಂದ ಬರುವ ಕೋಳಿಯೂ ಭಯವೇ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಹೊಸ ಮನೆಯಲ್ಲಿ ಕಣ್ಣುಪಟ್ಟಿಯನ್ನು ಮೊದಲು ರಾತ್ರಿ ಲಾಯದೊಳಗೆ, ನಂತರ ಬೆಳಗಿನ ಒಂದೊಂದು ಗಂಟೆ, ಹೀಗೆ ಮೂರು ವಾರದಲ್ಲಿ ಬಿಡಿಸಿದೆವು. ಲಾಳವನ್ನೂ ಅಲ್ಲಿಯೇ ತೆಗೆಸಿದೆವು. ಟಾರು ರಸ್ತೆಯ ಮೇಲೆ ಲಾಳದ ಬಲದಿಂದ ನಡೆದ ಗೊರಸಿನ ಅಡಿ ಬಲಿಯುವವರೆಗೆ ಮೆತ್ತನೆಯ ಮಣ್ಣೇ ಬೇಕು. ಜೊತೆಗೆ ಇನ್ನೊಂದು ಕುದುರೆ ಇಲ್ಲದಿದ್ದರಿಂದ ಎರಡು ಮೇಕೆಗಳನ್ನು ಅದೇ ಕೊಟ್ಟಿಗೆಯಲ್ಲಿ ಕಟ್ಟಿದರು. ಮೊದಲ ದಿನ ‘ಸಾರ್, ಇದು ಒದೀತದಾ?’ ಎಂದು ಬಾಗಿಲಲ್ಲೇ ನಿಂತು ಕೇಳಿದ್ದ ಮನೆಯೊಡತಿ ಈಗ ತಾವೇ ಗೊರಸು ಎತ್ತಿ ನೋಡುತ್ತಾರೆ.

ಹಣದ ವಿಚಾರದಲ್ಲಿ ನನ್ನ ನಿಲುವು ಖಚಿತ. ಕುದುರೆಯನ್ನು ಪೂರ್ತಿ ಪುಕ್ಕಟೆ ಕೊಟ್ಟರೆ ವಾರದೊಳಗೆ ಮದುವೆ ಮೆರವಣಿಗೆಗೋ ಸಂತೆಗೋ ಮಾರುವವರು ಬರುತ್ತಾರೆ. ಸಾಗಣೆ, ರಕ್ತಪರೀಕ್ಷೆ, ಧನುರ್ವಾಯು ಲಸಿಕೆಯ ಖರ್ಚನ್ನು ಪಡೆಯುವವರೇ ಭರಿಸಬೇಕು. ಗಾಡಿಗೆ ಕಟ್ಟುವುದಿಲ್ಲ, ಮಾರುವುದಿಲ್ಲ, ಸಾಕಲಾಗದಿದ್ದರೆ ನನಗೇ ಹಿಂದಿರುಗಿಸುತ್ತೇನೆ ಎಂದು ಛಾಪಾ ಕಾಗದದ ಮೇಲೆ ಬರೆಸಿಕೊಳ್ಳುತ್ತೇನೆ. ಕುಂಟು, ಕಚ್ಚುವ ಚಾಳಿ, ಮಂಜಾದ ಕಣ್ಣು, ಇವನ್ನೂ ಅದೇ ಪತ್ರದಲ್ಲಿ ಬರೆಯುತ್ತೇನೆ. ದೋಷ ಓದಿ ಹಿಂದೆ ಸರಿದವರಿದ್ದಾರೆ. ಓದಿಯೂ ಒಪ್ಪಿದವರ ಮನೆಯಿಂದ ಒಂದು ಕುದುರೆಯೂ ಮರಳಿ ಬಂದಿಲ್ಲ. ಮೊದಲ ವರ್ಷ ಗೊರಸು ಕತ್ತರಿಸುವ ನೆಪದಲ್ಲಿ ಆರೆಂಟು ವಾರಕ್ಕೊಮ್ಮೆ ನಾನೇ ಹೋಗಿ ಬರುತ್ತೇನೆ.

ಎಲ್ಲಕ್ಕೂ ಮನೆ ಸಿಗುವುದಿಲ್ಲ. ಚಾಮುಂಡಿ ಬೆಟ್ಟದ ತಪ್ಪಲಿನ ಪಿಂಜರಾಪೋಲ್ ಎಂಬ ಪ್ರಾಣಿಗಳ ಆಶ್ರಯತಾಣವೂ ಮುಖ್ಯವಾಗಿ ಗೋವುಗಳಿಗೆ ಇರುವಂಥದ್ದು. ವಾಸಿಯಾಗದ ನೋವಿನಲ್ಲಿದ್ದ ಎರಡು ಕುದುರೆಗಳಿಗೆ ಪಶುವೈದ್ಯರ ಸಲಹೆಯಂತೆ ದಯಾಮರಣ ಕೊಡಿಸಿದೆವು. ಎರಡೂ ಸಲ ಮಾಲೀಕರು ಕೊನೆಯವರೆಗೆ ತಲೆಯ ಬಳಿ ನಿಂತಿದ್ದರು. ಈಗ ಪರಿಚಿತರೊಬ್ಬರ ತೋಟದಲ್ಲಿ ಸವೆದ ಹಲ್ಲಿನ ಒಂದು ಗಂಡು ಕುದುರೆ ಇದೆ. ಒಣಹುಲ್ಲನ್ನು ಅಗಿಯಲಾರದೆ ಉಂಡೆ ಕಟ್ಟಿ ಉಗಿಯುವುದರಿಂದ ಅದಕ್ಕೆ ದಿನಕ್ಕೆ ನಾಲ್ಕು ಸಲ ನೆನೆಸಿದ ಬೂಸಾ ಮತ್ತು ಸಣ್ಣಗೆ ಕತ್ತರಿಸಿದ ಹಸಿಮೇವು ಕೊಡಬೇಕು. ಇದನ್ನು ಪತ್ರದಲ್ಲಿ ಮೊದಲ ಸಾಲಿಗೇ ಬರೆದಿದ್ದೇನೆ. ಇಬ್ಬರು ನೋಡಿ ಹೋಗಿದ್ದಾರೆ, ಮೂರನೆಯವರು ಭಾನುವಾರ ಬರುತ್ತಿದ್ದಾರೆ.