ಗ್ರೇಡಿಯಂಟ್ ಎಳೆಯುವ ಮುನ್ನ ನಡುವಿನ ಬಣ್ಣ ನೋಡಿ

ಶರಣಬಸವೇಶ್ವರ ಜಾತ್ರೆ ಹತ್ತಿರ ಬಂತೆಂದರೆ ಕಲಬುರಗಿಯ ಫ್ಲೆಕ್ಸ್ ಅಂಗಡಿಗಳಲ್ಲಿ ರಾತ್ರಿ ನಿದ್ದೆಯಿಲ್ಲ. ನಮ್ಮಲ್ಲಿ ಕೆಲಸ ಕಲಿಯಲು ಬರುವ ಹುಡುಗರು ಹಿನ್ನೆಲೆಗೆ ಗ್ರೇಡಿಯಂಟ್, ಅಂದರೆ ಒಂದು ಬಣ್ಣ ಮೆಲ್ಲಗೆ ಇನ್ನೊಂದಕ್ಕೆ ತಿರುಗುವ ಛಾಯೆ, ಎಳೆದು ಐದೇ ನಿಮಿಷದಲ್ಲಿ ಕೈ ತೊಳೆದುಕೊಳ್ಳುತ್ತಾರೆ. ಪ್ರಿಂಟ್ ಬಂದ ಮೇಲೆ ಗಿರಾಕಿ ಕೇಳುತ್ತಾನೆ: 'ನಡುವ ಯಾಕ್ರೀ ಹೊಲಸ ಕಾಣ್ತದ?'

ಮೊದಲು ಬಗೆ ಆರಿಸಿ. ಫೋಟೊಶಾಪ್‌ನಲ್ಲಿ ಗ್ರೇಡಿಯಂಟ್ ಟೂಲ್ ಹಿಡಿದರೆ ಮೇಲೆ ಐದು ಚಿಹ್ನೆ ಕಾಣುತ್ತವೆ. ಲೀನಿಯರ್ ಎಳೆದ ದಿಕ್ಕಿಗೆ ನೇರ ಸಾಗುತ್ತದೆ. ರೇಡಿಯಲ್ ಒತ್ತಿದ ಬಿಂದುವಿನಿಂದ ಸುತ್ತಲೂ ಹರಡುತ್ತದೆ. ದೇವರ ಫೋಟೊ ಹಿಂದಿನ ಪ್ರಭೆಗೆ ಇದೇ ಸರಿ. ರಿಫ್ಲೆಕ್ಟೆಡ್ ಅಂದರೆ ಲೀನಿಯರ್ ಎರಡೂ ಬದಿಗೆ. ಬಿದರಿ ಹೂಜಿಯ ಕಪ್ಪು ಮೈ ಮೇಲೆ ಉದ್ದುದ್ದ ಹೊಳಪು ತರಲು ಇದನ್ನೇ ಬಳಸಿ. ಆ್ಯಂಗಲ್ ಬಿಂದುವಿನ ಸುತ್ತ ತಿರುಗುತ್ತದೆ, ಮೊದಲ ಮತ್ತು ಕೊನೆಯ ಬಣ್ಣ ಒಂದೇ ಇಡದಿದ್ದರೆ ಸೇರುವಲ್ಲಿ ಗೆರೆ ಬೀಳುತ್ತದೆ. ಡೈಮಂಡ್ ನನಗಂತೂ ಇದುವರೆಗೆ ಬೇಕಾಗಿಲ್ಲ.

ಶಿಫ್ಟ್ ಒತ್ತಿಕೊಂಡು ಎಳೆದರೆ ಗೆರೆ ಸೊಟ್ಟಗಾಗದು. ಗಿಡ್ಡ ಎಳೆದರೆ ಬಣ್ಣ ಥಟ್ಟನೆ ಬದಲಾಗುತ್ತದೆ, ಉದ್ದ ಎಳೆದರೆ ನಿಧಾನ.

ಎಡವುವುದು ಇನ್ನು ಮುಂದೆ. ಹಳದಿಯಿಂದ ಕೆಂಪಿಗೆ ಎಳೆದರೆ ನಡುವೆ ಕಿತ್ತಳೆ ಬರುತ್ತದೆ. ರಾಜ್ಯೋತ್ಸವದ ಬ್ಯಾನರ್ ಯಾರು ಮಾಡಿದರೂ ಕೆಡುವುದಿಲ್ಲ. ಹಳದಿಯಿಂದ ನೀಲಿಗೆ ಎಳೆದು ನೋಡಿ. ಆರ್‌ಜಿಬಿಯಲ್ಲಿ, ಅಂದರೆ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 0ಯಿಂದ 255ರವರೆಗೆ ಅಂಕಿ ಕೊಡುವ ಲೆಕ್ಕದಲ್ಲಿ, ಹಳದಿ 255, 255, 0. ನೀಲಿ 0, 0, 255. ಮೂರನ್ನೂ ಸರಾಸರಿ ಮಾಡಿದರೆ ಸುಮಾರು 128, 128, 128, ಅಂದರೆ ಅಪ್ಪಟ ಬೂದಿ ಬಣ್ಣ. ಗಿರಾಕಿ ಕಂಡ ಹೊಲಸು ಇದೇ. ಗ್ರೇಡಿಯಂಟ್ ಎಡಿಟರ್ ತೆರೆದು ಬಣ್ಣದ ಪಟ್ಟಿಯ ಕೆಳಗೆ ನಟ್ಟನಡುವೆ ಕ್ಲಿಕ್ ಮಾಡಿ, ಅಲ್ಲಿ ಮೂಡುವ ಹೊಸ ಸ್ಟಾಪ್‌ಗೆ (ಬಣ್ಣದ ಗುರುತಿಗೆ) ತಿಳಿಹಸಿರು ಕೊಡಿ. ಆಮೇಲೆ ಸ್ಟಾಪ್‌ಗಳ ನಡುವಿನ ಪುಟ್ಟ ವಜ್ರಾಕೃತಿಯನ್ನು ಆಚೀಚೆ ಸರಿಸುತ್ತ, ಕಣ್ಣಿಗೆ ಹಿತವಾದಲ್ಲಿ ನಿಲ್ಲಿಸಿ. ಸಾವಿರ ಗ್ರೇಡಿಯಂಟ್ ಉಚಿತ ಎಂದು ಸಿಗುವ ಪ್ಯಾಕ್‌ಗಳನ್ನು ಇಳಿಸಿಕೊಳ್ಳಬೇಡಿ. ಅವುಗಳ 'ಚಿನ್ನ' ಫ್ಲೆಕ್ಸ್ ಮೇಲೆ ಸಾಸಿವೆ ಬಣ್ಣವಾಗುತ್ತದೆ.

ಇನ್ನೊಂದು ಕಾಟ, ಬಣ್ಣ ನುಣುಪಾಗಿ ಹರಿಯದೆ ಮೂಡುವ ಪಟ್ಟಿಗಳದ್ದು. 8 ಬಿಟ್ ಫೈಲ್‌ನಲ್ಲಿ ಪ್ರತಿ ಚಾನೆಲ್‌ಗೆ, ಅಂದರೆ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ, 256 ಮೆಟ್ಟಿಲು ಮಾತ್ರ. 20 ಅಡಿ ಬ್ಯಾನರ್‌ನಲ್ಲಿ ಬೂದು ಬಣ್ಣ 40ರಿಂದ 80ಕ್ಕೆ ಹೋಗಬೇಕಾದರೆ ಸಿಗುವುದು 40 ಮೆಟ್ಟಿಲು: ಅರ್ಧ ಅಡಿಗೊಂದು ಪಟ್ಟಿ. ಮಾನಿಟರ್‌ನಲ್ಲಿ ಕಾಣದು, ಕಂಬಕ್ಕೆ ಕಟ್ಟಿದಾಗ ಎದ್ದು ಕಾಣುತ್ತದೆ. ಗ್ರೇಡಿಯಂಟ್ ಟೂಲ್‌ನ ಆಯ್ಕೆಗಳಲ್ಲಿ ಡಿದರ್‌ಗೆ ಟಿಕ್ ಹಾಕಿ, ಅದು ಅಕ್ಕಪಕ್ಕದ ಮೆಟ್ಟಿಲುಗಳ ಚುಕ್ಕೆಗಳನ್ನು ಬೆರೆಸುತ್ತದೆ. ಸಾಲದಿದ್ದರೆ ಫಿಲ್ಟರ್ ಮೆನುವಿನಿಂದ ಒಂದೆರಡು ಶೇಕಡಾ ನಾಯ್ಸ್ ಸೇರಿಸಿ. ಸಣ್ಣ ಕಾಳುಗಳು ಪಟ್ಟಿಯ ಅಂಚನ್ನು ಕಲಸಿಬಿಡುತ್ತವೆ.

ಫೈಲನ್ನು ಪ್ರಿಂಟಿಗೆ ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸಿದಿರೋ, ಅದು ಫೈಲನ್ನು ಹಿಂಡಿ ಆ ಕಾಳುಗಳನ್ನೇ ಒರೆಸಿಹಾಕುತ್ತದೆ, ಪಟ್ಟಿ ಮತ್ತೆ ಹಾಜರ್. ಡಾಕ್ಯುಮೆಂಟ್ ಎಂದೇ ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಕೊಟ್ಟು ಬನ್ನಿ.