ಮಗುವಿನ ಮುಖ ಬಿಡಿಸಬೇಕಾ? ಮೊದಲು ನಗಿಸುವುದನ್ನು ಬಿಡಿ

ಮಗುವನ್ನು ಮುಂದೆ ಕೂರಿಸಿಕೊಂಡು ಚಿತ್ರ ಶುರು ಮಾಡಿದರೆ ಸಾಕು, ಸುತ್ತ ಇರುವವರೆಲ್ಲ 'ಸ್ಮೈಲ್ ಮಾಡು ಪುಟ್ಟಾ' ಅನ್ನತೊಡಗುತ್ತಾರೆ. ಅವರನ್ನು ಪಕ್ಕದ ಕೋಣೆಗೆ ಕಳಿಸಿ. ಅದರ ಪಾಡಿಗೆ ಬಿಟ್ಟರೆ ಮಗುವಿನ ಮುಖ ಎಷ್ಟು ಗಂಭೀರವಾಗಿರುತ್ತದೆ ಅಂತ ಆಗ ಗೊತ್ತಾಗುತ್ತದೆ. ನಮಗೆ ಬೇಕಾದದ್ದು ಆ ಮುಖ.

ನಾನು ಇದನ್ನು ಕಲಿತದ್ದು ಜರ್ಮನಿಯ ಚಿತ್ರಕಲಾವಿದೆ ಪೌಲಾ ಮೋಡರ್ಸೋನ್-ಬೆಕರ್ ಅವರ ಚಿತ್ರಗಳನ್ನು ನೋಡಿ ನೋಡಿ. ಹುಟ್ಟಿದ್ದು 1876ರಲ್ಲಿ. 1907ರಲ್ಲಿ ಮಗಳು ಹುಟ್ಟಿ ಮೂರು ವಾರ ತುಂಬುವ ಮೊದಲೇ ತೀರಿಕೊಂಡರು, ಆಗ ವಯಸ್ಸು ಬರೀ 31. ಬ್ರೆಮೆನ್ ಹತ್ತಿರದ ವೋರ್ಪ್ಸ್‌ವೇಡೆ ಅನ್ನುವ ಹಳ್ಳಿಯ ಬಡ ಮಕ್ಕಳನ್ನು ಅವರು ಮತ್ತೆ ಮತ್ತೆ ಬರೆದರು. ಆ ಮಕ್ಕಳು ಕ್ಯಾಲೆಂಡರ್ ಮಕ್ಕಳ ಹಾಗೆ ಮುದ್ದುಮುದ್ದಾಗಿಲ್ಲ, ತಮ್ಮದೇ ಯೋಚನೆಯಲ್ಲಿ ಇರುತ್ತಾರೆ, ಅದಕ್ಕೇ ನನಗೆ ಅಷ್ಟು ಇಷ್ಟ.

ಕ್ಯಾನ್ವಾಸ್ ಬೇಕೇ ಬೇಕು ಅಂತಿಲ್ಲ. ಪೌಲಾ ಎಷ್ಟೋ ಚಿತ್ರಗಳನ್ನು ರಟ್ಟಿನ ಮೇಲೆಯೇ ಮಾಡಿದ್ದಾರೆ. ದಪ್ಪ ರಟ್ಟಿಗೆ ಎರಡು ಸಲ ಜೆಸ್ಸೋ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಲೇಪ) ಬಳಿದು ಒಣಗಿಸಿ. ಅಕ್ರಿಲಿಕ್ ಬಣ್ಣ ಸಾಕು: ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಪು ಛಾಯೆಯ ಕಂದು), ಅಲ್ಟ್ರಾಮರೀನ್ (ಗಾಢ ನೀಲಿ), ಒಂದು ಮಂಕು ಹಸಿರು, ಬಿಳಿ. ಕಪ್ಪು ಬೇಡ.

ಮಗುವಿನ ಕೈಗೆ ಏನಾದರೂ ಕೊಡಿ. ಪೌಲಾ ಅವರ ಚಿತ್ರಗಳಲ್ಲೂ ಮಕ್ಕಳ ಕೈಯಲ್ಲಿ ಹೂವೋ ಹಣ್ಣೋ ಇರುತ್ತದೆ. ಅಕ್ಕನ ಮಗಳಿಗೆ ನಾನು ಒಂದು ಸೀಬೆಹಣ್ಣು ಕೊಟ್ಟಿದ್ದೆ, ಅವಳು ತಿನ್ನದೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂತಳು, ನನ್ನ ಚಿತ್ರ ನಿಂತಿರುವುದೇ ಆ ಹಿಡಿತದ ಮೇಲೆ. ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರಿಸಬೇಡಿ. ಅಷ್ಟರಲ್ಲಿ ಚಾರ್ಕೋಲ್‌ನಲ್ಲಿ ನಾಲ್ಕೈದು ಬೇಗನೆಯ ಸ್ಕೆಚ್ ಮಾಡಿಕೊಳ್ಳಿ, ಆಮೇಲೆ ಆಟಕ್ಕೆ ಬಿಡಿ.

ಎಲ್ಲರೂ ತಪ್ಪುವುದು ಅಳತೆಯಲ್ಲಿ. ದೊಡ್ಡವರ ತಲೆಯಲ್ಲಿ ಕಣ್ಣು ಸುಮಾರು ನಡುವಿಗೆ ಬರುತ್ತದೆ, ಪುಟ್ಟ ಮಕ್ಕಳಲ್ಲಿ ನಡುವಿಗಿಂತ ಕೆಳಗೆ. ಹಣೆ ದೊಡ್ಡದು, ಮೂಗು ಗಿಡ್ಡ, ಗದ್ದ ಚಿಕ್ಕದು. ಇದನ್ನು ಮರೆತರೆ ಮಗು ಹೋಗಿ ಕುಳ್ಳಗಿನ ದೊಡ್ಡವರೊಬ್ಬರು ಬಂದು ಕೂರುತ್ತಾರೆ. ಅಳತೆ ಸರಿಯಾದ ಮೇಲೆ ಬೇಕೆಂದೇ ಸ್ವಲ್ಪ ಮುರಿಯಿರಿ: ಕಣ್ಣು ಒಂದು ಚೂರು ದೊಡ್ಡದು ಮಾಡಿ, ತಲೆಯನ್ನು ಚೌಕಟ್ಟಿನ ಅಂಚಿಗೆ ತಾಗುವಷ್ಟು ಹತ್ತಿರ ತನ್ನಿ. ಈಜಿಪ್ಟಿನ ಫಯೂಮ್‌ನಲ್ಲಿ ಮಮ್ಮಿಗಳ ಜೊತೆ ಸಿಕ್ಕ ಹಳೆಯ ಮುಖಚಿತ್ರಗಳ ಪ್ರಭಾವ ಪೌಲಾ ಮೇಲೆ ತುಂಬಾ ಇತ್ತು. ಆ ಅಗಲ ಕಣ್ಣುಗಳನ್ನು ಒಮ್ಮೆ ಹುಡುಕಿ ನೋಡಿ, ಅರ್ಥವಾಗುತ್ತದೆ.

ಬಣ್ಣ ಹಚ್ಚುವಾಗ ಚಪ್ಪಟೆ ಬ್ರಷ್ ಹಿಡಿಯಿರಿ. ಮುಖವನ್ನು ಬೆಳಕು, ನಡು, ನೆರಳು ಅಂತ ಮೂರು ತುಂಡು ಮಾಡಿ, ಒಂದಕ್ಕೊಂದು ಸೇರಿಸಿ ನುಣ್ಣಗೆ ತೀಡಬೇಡಿ. ನೆರಳಿಗೆ ಹಸಿರು ಬೆರೆಸಿದ ಕಂದು ಹಾಕಿ. ಕೆನ್ನೆಯಲ್ಲಿ ಹಸಿರಾ ಅಂತ ಕೈ ಹಿಂಜರಿಯುತ್ತದೆ, ಅಲ್ವಾ? ಹಾಕಿ, ಪಕ್ಕದ ಓಕರ್ ಆಗಲೇ ಬೆಚ್ಚಗಾಗುವುದು. ಹಿನ್ನೆಲೆಗೆ ಒಂದೇ ಬಣ್ಣ ಸಾಕು.

ಇನ್ನೊಂದು ವಿಷಯ. ಬಣ್ಣ ಹಸಿ ಇರುವಾಗಲೇ ಬ್ರಷ್ಷಿನ ಹಿಂದಿನ ತುದಿಯಿಂದ ಕೂದಲಿನ ಮೇಲೆ, ಬಟ್ಟೆಯ ಮೇಲೆ ಗೀರಿ. ಪೌಲಾ ಹೀಗೆ ಗೀರುತ್ತಿದ್ದರು, ಮೇಲ್ಮೈಗೆ ಗೋಡೆಯ ಒರಟುತನ ಬರುತ್ತದೆ. ಅಕ್ರಿಲಿಕ್ ಬೇಗ ಒಣಗುವುದರಿಂದ ಅಂಗೈ ಅಗಲದ ಜಾಗ ಬಳಿದು ಗೀರಿ, ಆಮೇಲೆ ಮುಂದಿನದಕ್ಕೆ ಹೋಗಿ.

ತುಟಿ ಕೊನೆಗೆ. ಒಂದೇ ಗೆರೆ, ನೇರವಾಗಿ. ಮನೆಯವರು ನೋಡಿ 'ಯಾಕೆ ಇಷ್ಟು ಸಪ್ಪಗಿದ್ದಾಳೆ, ಸ್ವಲ್ಪ ನಗು ಹಾಕು' ಅಂದೇ ಅನ್ನುತ್ತಾರೆ. ಆ ಗೆರೆಯ ತುದಿಯನ್ನು ಮಾತ್ರ ಮೇಲೆತ್ತಬೇಡಿ.